ಹನ್ನೆರಡು ಮೊಟ್ಟೆಯ ಕೇಕು

ನಮ್ಮ ಚರ್ಚಿನ ಸಭೆಯಲ್ಲಿ ಅಮ್ಮನಿಗೆ ಎರಡು ಸಲ ಹೆಸರು ಬಂತು. ಮೊದಲನೆಯ ಸಲ ಸುಳ್ಳು ಹೇಳಿ, ಎರಡನೆಯ ಸಲ ಅದೇ ಸುಳ್ಳನ್ನು ಒಪ್ಪಿಕೊಂಡು. ಎರಡನೆಯದರಲ್ಲೇ ನೀನು ಹೆಚ್ಚು ಕೆಟ್ಟೆ ಎಂದು ನಾನು ಹೇಳಿದರೆ ಅಮ್ಮ ಈಗಲೂ ಬೈಯುತ್ತಾಳೆ. ಆದರೆ ಅಲ್ಲ ಅನ್ನುವುದಿಲ್ಲ.

ತೊಂಬತ್ತರ ದಶಕದ ಮಾತು. ಶಂಕರಪುರದ ಒಂದು ಹಳೆಯ ಮನೆಯ ಹಿಂದಿನ ಪೋರ್ಷನ್‌ನಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ನಾನು ಬಸವನಗುಡಿಯಲ್ಲಿ ಡಿಗ್ರಿ ಓದುತ್ತಿದ್ದೆ. ಮನೆ ಕೊಡುವಾಗ ಓನರ್ ಅಮ್ಮ ಹಾಕಿದ್ದು ಒಂದೇ ಷರತ್ತು. "ನೀವು ಯಾವ ದೇವ್ರಿಗಾದ್ರೂ ಕೈ ಮುಗೀರಿ, ನಮಗೇನಿಲ್ಲ. ಮೊಟ್ಟೆ, ಮಾಂಸ ಮಾತ್ರ ಮನೆ ಒಳಗೆ ಬೇಡ." ಅಪ್ಪ ಧಾರಾಳವಾಗಿ ತಲೆಯಾಡಿಸಿದರು. ಭಾನುವಾರ ಆರಾಧನೆ ಮುಗಿದ ಮೇಲೆ ಮಿಲ್ಟ್ರಿ ಹೋಟೆಲು ಇದ್ದೇ ಇತ್ತಲ್ಲ. ನಮ್ಮ ಸಂಸಾರದ ಬಾಡೂಟವೆಲ್ಲ ಅಲ್ಲೇ ನಡೆಯುತ್ತಿತ್ತು, ದೇವರು ಮತ್ತು ಓನರ್ ಅಮ್ಮ ಇಬ್ಬರೂ ಸಮಾಧಾನದಿಂದಿದ್ದರು.

ನಾವು ಹೋಗುತ್ತಿದ್ದದ್ದು ಚಾಮರಾಜಪೇಟೆ ಕಡೆಯ ಒಂದು ಸಣ್ಣ ಕನ್ನಡ ಚರ್ಚಿಗೆ. ಕ್ರಿಸ್‌ಮಸ್ ಬೆಳಗಿನ ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಟೀ, ಕೇಕು ಕೊಡುವುದು ವಾಡಿಕೆ. ಯಾವಾಗಲೂ ಕೇಕು ಮಾಡುತ್ತಿದ್ದ ಮನೆಯವರು ಊರು ಬಿಟ್ಟು ಹೋದ ವರ್ಷ ಆ ಕೆಲಸ ಅಮ್ಮನ ತಲೆಗೆ ಬಂತು. ಬಂತು ಅನ್ನುವುದಕ್ಕಿಂತ ಅವಳೇ ಎಳೆದುಕೊಂಡಳು. ಸ್ತ್ರೀಯರ ಕೂಟದಲ್ಲಿ ಯಾರು ಮಾಡ್ತೀರಿ ಎಂದು ಕೇಳಿದಾಗ ಉಳಿದವರೆಲ್ಲ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವವರ ಹಾಗೆ ಕೂತರಂತೆ. ಅಮ್ಮನಿಗೆ ಆ ಬುದ್ಧಿ ಹೊಳೆಯಲಿಲ್ಲ.

ತರಕಾರಿ ಚೀಲದಲ್ಲಿ ಸೊಪ್ಪಿನ ಕೆಳಗೆ ಮೊಟ್ಟೆ ಬಚ್ಚಿಟ್ಟು ತಂದದ್ದಾಯಿತು. ಪಕ್ಕದ ಬೀದಿಯವರಿಂದ ಕರೆಂಟಿನ ಅವನ್ ಕೇಳಿ ತಂದದ್ದಾಯಿತು. ಕೇಕು ಅರ್ಧ ಬೆಂದಾಗ ಕರೆಂಟು ಹೋಯಿತು. ಸಂಜೆ ಅದು ವಾಪಸು ಬರುವ ಹೊತ್ತಿಗೆ ತಟ್ಟೆಯಲ್ಲಿದ್ದದ್ದು ನೆನೆದ ಇಟ್ಟಿಗೆ. ಅಪ್ಪ ಮೊಟ್ಟೆಯ ಸಿಪ್ಪೆಯನ್ನೆಲ್ಲ ಆಫೀಸಿನ ಬ್ಯಾಗಿಗೆ ತುಂಬಿಕೊಂಡು ಮಾರ್ಕೆಟ್ಟಿನ ಹತ್ತಿರ ಎಸೆದು, ಬರುವಾಗ ದಾರಿಯಲ್ಲಿದ್ದ ಅಯ್ಯಂಗಾರ್ ಬೇಕರಿಯಿಂದ ಪ್ಲಮ್ ಕೇಕು ತಂದರು. ಮೊಟ್ಟೆ ಇಲ್ಲದ, ಅಪ್ಪಟ ಸಸ್ಯಾಹಾರಿ ಪ್ಲಮ್ ಕೇಕು. ಅಮ್ಮ ಅದರ ಪೇಪರು ಬಿಡಿಸಿ, ತುಂಡು ಮಾಡಿ, ನಮ್ಮ ದೊಡ್ಡ ಸ್ಟೀಲ್ ಡಬ್ಬಿಗೆ ಜೋಡಿಸಿದಳು. ಬೇಕರಿಯದು ಎಂದು ಹೇಳಿಬಿಡುವುದೆಂದೇ ಅವಳು ಮನೆಯಿಂದ ಹೊರಟದ್ದು. ಅದಕ್ಕೆ ನಾನು ಸಾಕ್ಷಿ.

ಹೇಳಲು ಯಾರೂ ಬಿಡಲಿಲ್ಲ. ಮೊದಲ ತುಂಡು ಬಾಯಿಗಿಟ್ಟ ಸಭೆಯ ಹಿರಿಯರೊಬ್ಬರು ಕಣ್ಣು ಮುಚ್ಚಿ, "ಏನಮ್ಮಾ ಇದು! ರಮ್ಮು ಹಾಕಿದೀಯಾ?" ಎಂದು ಮೆಲ್ಲಗೆ ಕೇಳಿದರು. ಅಮ್ಮ, "ಅಯ್ಯೋ ಇಲ್ಲ" ಎಂದಳು. ಅದು ನಿಜವೇ. ಅವರು ನಂಬಲಿಲ್ಲ. ಕಣ್ಣು ಮಿಟುಕಿಸಿ ಇನ್ನೆರಡು ತುಂಡು ತೆಗೆದುಕೊಂಡರು. ಅಯ್ಯಂಗಾರರು ಮಡಿಯಲ್ಲಿ ಮಾಡಿದ ಕೇಕಿನಲ್ಲಿ ರಮ್ಮಿನ ವಾಸನೆ ಹಿಡಿದ ಆ ಹಿರಿಯರ ವಿಶ್ವಾಸ ದೊಡ್ಡದು. ಆ ದಿನ ಎಲ್ಲರೂ ಹೊಗಳಿದರು. ಅಮ್ಮ ಸುಮ್ಮನೆ ನಕ್ಕಳು.

ಮರುವರ್ಷವೂ ಕೇಕು ಅದೇ ಬೇಕರಿಯದು, ಆದರೆ ಸುಮ್ಮನೆ ನಕ್ಕರೆ ಸಾಲಲಿಲ್ಲ. ಪ್ರಶ್ನೆಗಳು ಬಂದವು. ದ್ರಾಕ್ಷಿ ಎಷ್ಟು ದಿನ ನೆನೆಸ್ತೀರಿ, ಬೆಲ್ಲವೋ ಸಕ್ಕರೆಯೋ, ಮೊಟ್ಟೆ ಎಷ್ಟು? ಸ್ತ್ರೀಯರ ಕೂಟದ ಅಧ್ಯಕ್ಷೆಯೇ ನಿಂತು ಮೊಟ್ಟೆಯ ಲೆಕ್ಕ ಕೇಳಿದಾಗ ಅಮ್ಮನ ಬಾಯಿಂದ "ಹನ್ನೆರಡು" ಎಂದು ಬಂದುಬಿಟ್ಟಿತು. ಯಾಕೆ ಹನ್ನೆರಡು ಎಂದು ಮನೆಗೆ ಬಂದ ಮೇಲೆ ಕೇಳಿದೆ. "ಯೇಸುವಿನ ಶಿಷ್ಯರು ನೆನಪಾದ್ರು" ಎಂದಳು. ಹೀಗೆ ಚರ್ಚಿನಲ್ಲಿ ಹನ್ನೆರಡು ಮೊಟ್ಟೆ, ಓನರ್ ಅಮ್ಮನ ಹತ್ತಿರ ಒಂದೂ ಇಲ್ಲ. ಅಮ್ಮ ನಿಜ ಹೇಳುತ್ತಿದ್ದದ್ದು ಓನರ್ ಅಮ್ಮನಿಗೆ ಮಾತ್ರ.

ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಅದರ ಮುಂದಿನ ವರ್ಷ ಅಧ್ಯಕ್ಷೆಯ ಮಗನಿಗೆ ಮದುವೆಯಾಗಿ ಹಾಸನದ ಕಡೆಯಿಂದ ಸೊಸೆ ಬಂದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ಡಿಸೆಂಬರಿನ ಒಂದು ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

"ಆಂಟಿ, ಕ್ರಿಸ್‌ಮಸ್ ಊಟಕ್ಕೆ ನಮ್ಮನೇಲಿ ತುಂಬ ಜನ ಬರ್ತಾರೆ. ಅತ್ತೆ ನಿಮ್ಮ ಕೇಕೇ ಮಾಡ್ಬೇಕು ಅಂದ್ರು. ಹೇಗ್ ಮಾಡೋದು ಅಂತ ಹೇಳಿಕೊಡ್ತೀರಾ?"

ಅಮ್ಮ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ತಲೆ ಎತ್ತದೆ ಹೇಳುತ್ತಾ ಹೋದಳು. ಒಂದು ಪಾವು ಮೈದಾ, ಹನ್ನೆರಡು ಮೊಟ್ಟೆ, ಅಡುಗೆ ಸೋಡಾ ದೊಡ್ಡ ಚಮಚದಲ್ಲಿ ಒಂದು. ಆ ಹುಡುಗಿಗೆ ಅನುಮಾನ ಬಂದದ್ದು ಮುಖದಲ್ಲೇ ಕಂಡಿತು. "ಒಂದು ಪಾವಿಗೆ ಹನ್ನೆರಡಾ ಆಂಟಿ? ನಮ್ಮಮ್ಮ ನಾಲ್ಕು ಹಾಕ್ತಾರೆ" ಎಂದಳು. "ನಮ್ಮದು ಹಂಗೇ ಕಣಮ್ಮಾ" ಎಂದಳು ಅಮ್ಮ. ಹುಡುಗಿ ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಳ್ಳುತ್ತಾ ಗೇಟು ದಾಟಿದಳು.

ಆ ಕೇಕು ಏನಾಯಿತು ಎಂಬುದು ಹೊಸ ವರ್ಷದ ಹೊತ್ತಿಗೆ ಇಡೀ ಸಭೆಗೆ ಗೊತ್ತಾಯಿತು. ಉಬ್ಬಿ, ಬಿರಿದು, ಕುಸಿಯಿತಂತೆ. ಆಮ್ಲೆಟ್ಟಿನ ವಾಸನೆ, ಸೋಪಿನ ರುಚಿ. ಅಧ್ಯಕ್ಷೆ ನೆಂಟರ ಎದುರಿಗೇ, "ಅಷ್ಟು ಚೆನ್ನಾಗಿ ಹೇಳಿಕೊಟ್ಟಿದಾರೆ, ಕೈಯಲ್ಲಿ ಗುಣ ಬೇಕಲ್ಲ" ಎಂದರಂತೆ. ಅದನ್ನು ಕೇಳಿ ಅಮ್ಮ ಒಂದು ದಿನವೆಲ್ಲ ಮಂಕಾಗಿದ್ದಳು. ಆಮೇಲೆ ಸರಿಹೋದಳು.

ಆ ಜೂನಿನಲ್ಲಿ ನಮ್ಮ ಸಭೆಗೆ ಹೊಸ ಪಾಸ್ಟರ್ ಬಂದರು. ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು. ವಿಶ್ವಾಸಿಗಳು ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸಬೇಕು, ಇಲ್ಲದಿದ್ದರೆ ನಮ್ಮ ಭಕ್ತಿಯೆಲ್ಲ ಭಾನುವಾರದ ಬಟ್ಟೆಯ ಹಾಗೆ ಎಂದು ಅವರ ವಾದ. ವಾದ ಸರಿಯಾಗಿಯೇ ಇತ್ತು, ಅದೇ ತೊಂದರೆ. ಅವರು ಚೀಟಿ ಎತ್ತಿಸಿ ಇಡೀ ಸಭೆಯನ್ನು ಜೋಡಿ ಜೋಡಿ ಮಾಡಿದರು. ವಾರಕ್ಕೊಮ್ಮೆ ಕೂತು ಪರಸ್ಪರ ಮೂರು ಪ್ರಶ್ನೆ ಕೇಳಬೇಕು. ಈ ವಾರ ಸುಳ್ಳು ಹೇಳಿದಿರಾ? ಯಾರಿಗಾದರೂ ನೋವು ಮಾಡಿದಿರಾ? ಈಗ ನನಗೆ ಹೇಳಿದ್ದೆಲ್ಲ ನಿಜವೇ?

ಅಪ್ಪನಿಗೆ ಜೋಡಿಯಾಗಿ ಸಿಕ್ಕಿದವರು ಅವರಂಥದ್ದೇ ಇನ್ನೊಬ್ಬ ಗುಮಾಸ್ತರು. ಇಬ್ಬರೂ ದರ್ಶಿನಿಯೊಂದರ ಮುಂದೆ ನಿಂತು ಬೈಟು ಕಾಫಿ ಕುಡಿದು, ಕ್ರಿಕೆಟ್ ಮಾತಾಡಿ, ಕೊನೆಗೆ ಒಬ್ಬರು "ಎಲ್ಲಾ ಸರಿನಾ?" ಎನ್ನುವುದು, ಇನ್ನೊಬ್ಬರು "ಎಲ್ಲಾ ಸರಿ" ಎನ್ನುವುದು. ಅವರಷ್ಟು ನಿಷ್ಪಾಪಿಗಳು ಇಡೀ ಬೆಂಗಳೂರಿನಲ್ಲಿರಲಿಲ್ಲ.

ಅಮ್ಮನ ಚೀಟಿಗೆ ಬಂದದ್ದು ಸಿಸ್ಟರಮ್ಮ. ರಿಟೈರಾದ ನರ್ಸು, ಮದುವೆಯಾದವರಲ್ಲ, ಚಾಮರಾಜಪೇಟೆಯಲ್ಲಿ ಒಬ್ಬರೇ ಇದ್ದರು. ಅವರ ಪಿಸುಮಾತೂ ರಸ್ತೆಗೆ ಕೇಳಿಸುತ್ತಿತ್ತು. ಗುರುವಾರ ಗುರುವಾರ ನಮ್ಮ ಮನೆಗೆ ಬಂದು ಮೂರು ಪ್ರಶ್ನೆ ಕೇಳುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಅಮ್ಮ ತನಗೆ ತಾಳ್ಮೆ ಕಡಿಮೆ, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ, ಕೆಲವು ಸಲ ಅಹಂಕಾರ ಬರುತ್ತದೆ ಎಂದೆಲ್ಲ ಹೇಳುತ್ತಿದ್ದಳು. ಒಂದು ವಾರ ಸಿಸ್ಟರಮ್ಮ ತಡೆಯಲಾರದೆ ಅಂದರು:

"ಏನ್ ಪಾಪಾನೇ ನಿಂದು, ಆಸ್ಪತ್ರೆ ಗಂಜಿ ಇದ್ದ ಹಂಗಿದೆ. ಉಪ್ಪಿಲ್ಲ, ಖಾರ ಇಲ್ಲ. ಸ್ವಲ್ಪ ಗಟ್ಟಿದು ಯಾವ್ದಾದ್ರೂ ಇದ್ರೆ ಹೇಳು."

"ಇಷ್ಟೇ ಸಿಸ್ಟರಮ್ಮಾ" ಎಂದಳು ಅಮ್ಮ.

ಡಿಸೆಂಬರ್ ಬಂತು. ಕ್ರಿಸ್‌ಮಸ್‌ಗೆ ಮುಂಚೆ ಸಭೆಯವರೆಲ್ಲ ಒಂದು ದಿನ ಉಪವಾಸ ಪ್ರಾರ್ಥನೆ ಇಟ್ಟುಕೊಂಡಿದ್ದರು. ಎಲ್ಲರೂ ಮನೆಯಲ್ಲಿ ಉಪವಾಸವಿರುವ ದಿನವೇ ಬೇಕರಿಗೆ ಹೋಗುವುದು ಕ್ಷೇಮ ಎಂದು ಅಮ್ಮನ ಲೆಕ್ಕಾಚಾರ. ನಾನು ಸ್ಟೀಲ್ ಡಬ್ಬಿ ಹಿಡಿದು ಹಿಂದೆ ಹೋದೆ. ಬೇಕರಿಯ ಕಟ್ಟೆಯ ಮೇಲೆ, ಸೆರಗು ತಲೆಗೆಳೆದುಕೊಂಡು, ಗೋಡೆ ಕಡೆ ತಿರುಗಿ ಯಾರೋ ಖಾರ ಬನ್ನು ತಿನ್ನುತ್ತಾ ಕೂತಿದ್ದರು. ಅಮ್ಮ ಕೇಕು ಕೇಳಿದ ದನಿಗೆ ಆ ಸೆರಗು ತಿರುಗಿತು. ಸಿಸ್ಟರಮ್ಮ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಬಾಯಿ ಬಿಟ್ಟವರು ಸಿಸ್ಟರಮ್ಮನೇ. "ಹೂಂ, ಉಪವಾಸದ ದಿನ ತಿಂತಿದೀನಿ. ಶುಗರ್ ಇದೆ ಅದಕ್ಕೆ ಅಂತ ಹೇಳೋಣ ಅಂದ್ಕೊಂಡೆ. ಶುಗರ್ ಇರೋದೇನೋ ನಿಜ, ಆದ್ರೆ ತಿಂದಿದ್ದು ಅದಕ್ಕಲ್ಲ. ಆಸೆ ಆಯ್ತು. ನೀನು?"

"ಮನೆಗೆ... ಮಕ್ಕಳಿಗೆ ತಿನ್ನೋಕೆ" ಎಂದಳು ಅಮ್ಮ. ಮಕ್ಕಳು ಎಂದರೆ ನಾನೊಬ್ಬಳೇ.

ಒಳಗಿನಿಂದ ಬೇಕರಿಯವರು, ಹಣೆಯ ಮೇಲೆ ಉದ್ದ ನಾಮ, ಮುಖದ ತುಂಬ ನಗು, ಕೇಕಿನ ಟ್ರೇ ಎತ್ತಿಕೊಂಡು ಬಂದರು. "ಬನ್ನಿ ಅಮ್ಮಾ. ಚರ್ಚಿಗೆ ಅಂತ ಎತ್ತಿಟ್ಟಿದೀನಿ. ಪ್ರತಿ ವರ್ಷದ ಹಾಗೆ ಪೇಪರ್ ತೆಗೆದೇ ಕೊಡ್ಲಾ?"

ಸಿಸ್ಟರಮ್ಮ ಕೈಯಲ್ಲಿದ್ದ ಬನ್ನನ್ನು ಕೆಳಗಿಟ್ಟರು. "ಹನ್ನೆರಡು ಮೊಟ್ಟೆ" ಎಂದರು, ತಮಗೆ ತಾವೇ ಅನ್ನುವ ಹಾಗೆ. ಬೇಕರಿಯವರು ಬೆಚ್ಚಿಬಿದ್ದು, "ಶಿವ ಶಿವಾ, ನಮ್ಮಲ್ಲಿ ಮೊಟ್ಟೆ ಸೇರ್ಸಲ್ಲ!" ಎಂದರು. ಅಯ್ಯಂಗಾರರ ಬಾಯಲ್ಲಿ ಶಿವನನ್ನು ಕರೆಸುವಷ್ಟು ದೊಡ್ಡ ಮಾತಾಗಿತ್ತು ಅದು. ಅಮ್ಮ ಡಬ್ಬಿ ತುಂಬಿಸಿಕೊಂಡು ತಿರುಗಿ ನೋಡದೆ ಹೊರಟಳು. ಹಿಂದಿನಿಂದ ಬೇಕರಿಯವರು, "ಅಮ್ಮಾ, ಅಮ್ಮಾ, ಮುಚ್ಚಳ ಬಿಟ್ಟು ಹೋಗ್ತಿದೀರಾ" ಎಂದು ಕೂಗಿದರು. ಓಡಿಹೋಗಿ ತಂದವಳು ನಾನು.

ಗುರುವಾರ ಸಿಸ್ಟರಮ್ಮ ಬಂದರು. ಮೊದಲ ಎರಡು ಪ್ರಶ್ನೆ ಬಿಟ್ಟು ನೇರವಾಗಿ ಮೂರನೆಯದನ್ನೇ ಕೇಳಿದರು. ಅಮ್ಮ ಮೊದಲು ವಾದ ಮಾಡಿದಳು. ಯಾರಿಗೆ ಏನು ನಷ್ಟ ಸಿಸ್ಟರಮ್ಮಾ, ತಿಂದೋರೆಲ್ಲ ಖುಷಿಯಾಗೇ ತಿಂದ್ರಲ್ಲ? ಆಮೇಲೆ ಅತ್ತಳು. ಅಪ್ಪ ಆಫೀಸಿನಿಂದ ಬಂದು ವಿಷಯ ಕೇಳಿ, "ಯಾರೂ ಕೇಳ್ತಿಲ್ಲ, ಇವಳ್ಯಾಕೆ ಹೇಳ್ಬೇಕು? ಮುಂದಿನ ವರ್ಷದಿಂದ ಬೇರೆಯವ್ರು ಮಾಡ್ಲಿ ಅಂದ್ರೆ ಮುಗೀತು" ಎಂದರು. ಅದು ಒಳ್ಳೆಯ ಉಪಾಯವೇ. ಆದರೆ ಅಮ್ಮ ಹಟ ಹಿಡಿದಳು.

ಕ್ರಿಸ್‌ಮಸ್ ದಿನ ಆರಾಧನೆಯ ಕೊನೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟಳು. ಮೊಟ್ಟೆ ಇಲ್ಲ, ಅವನ್ ಇಲ್ಲ, ಬೇಕರಿ ಇದೆ ಎಂದು. ಆಮೇಲೆ ರಮ್ಮಿನ ಹಿರಿಯರು ಗಹಗಹಿಸಿ ನಕ್ಕರು, ಅವರ ಹಿಂದೆ ಇಡೀ ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಪಾಸ್ಟರ್ ಕಣ್ಣಲ್ಲಿ ನೀರು. ತಮ್ಮ ಜೋಡಿ ಯೋಜನೆಯಿಂದ ಹೊರಬಿದ್ದ ಮೊದಲ ದೊಡ್ಡ ಪಾಪವನ್ನು ಅವರು ಮಗು ಹುಟ್ಟಿದಷ್ಟು ಸಂತೋಷದಿಂದ ಬರಮಾಡಿಕೊಂಡರು. ಆಮೇಲೆ ಎಲ್ಲರೂ ಬೇಕರಿ ಎಲ್ಲಿದೆ ಎಂದು ಕೇಳಿಕೊಂಡು ಎರಡೆರಡು ತುಂಡು ತಿಂದರು.

ಅಮ್ಮ ಕೆಟ್ಟದ್ದು ಇಲ್ಲಿಂದ. ಪಾಸ್ಟರ್ ಈ ಸಂಗತಿಯನ್ನು ಹೋದಲ್ಲೆಲ್ಲ ತಮ್ಮ ಉಪದೇಶದ ಪ್ರಸಂಗದಲ್ಲಿ ಹೇಳಿದರು. ಕುಮಾರ ಪಾರ್ಕಿನ ಒಂದು ಮನೆಯ ಪ್ರಾರ್ಥನಾ ಕೂಟದವರು ಅಮ್ಮನನ್ನು ಸಾಕ್ಷಿ ಹೇಳಲು, ಅಂದರೆ ತನ್ನ ಅನುಭವವನ್ನು ಎಲ್ಲರೆದುರು ಹೇಳಲು, ಕರೆದರು. ಅಮ್ಮ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿ ಹೇಳಿ ಬಂದಳು. ಜನ ಅತ್ತರಂತೆ. ಅದಾದ ಮೇಲೆ ಮಲ್ಲೇಶ್ವರಂನ ಒಂದು ಸ್ತ್ರೀಯರ ಕೂಟ. ಅಲ್ಲಿಗೆ ನಾನೂ ಸಿಸ್ಟರಮ್ಮನೂ ಜೊತೆಗೆ ಹೋದೆವು.

ಅಮ್ಮ ಮೈಕಿನ ಮುಂದೆ ನಿಂತು ಮಾತಾಡುತ್ತಿದ್ದರೆ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಪಾಪದ ಭಾರದಿಂದ ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ ಎಂದಳು. ಅವಳ ಗೊರಕೆಗೆ ನಿದ್ದೆಯಿಲ್ಲದೆ ಒದ್ದಾಡಿದವಳು ನಾನು. ಬೇಕರಿಯ ಬಾಗಿಲಲ್ಲಿ ಕೈ ನಡುಗಿ ಕೇಕು ನೆಲಕ್ಕೆ ಬಿತ್ತು ಎಂದಳು. ಒಂದು ಚೂರೂ ಬಿದ್ದಿರಲಿಲ್ಲ. ಕೊನೆಗೆ ದನಿ ತಗ್ಗಿಸಿ, "ಬೇಕರಿಯಿಂದ ಹೊರಟಾಗ ಹಿಂದಿನಿಂದ ಯಾರೋ ನನ್ನನ್ನು ಎರಡು ಸಲ ಕರೆದ ಹಾಗೆ ಕೇಳಿಸಿತು" ಎಂದಳು. ಹೆಂಗಸರೆಲ್ಲ "ಸ್ತೋತ್ರ, ಸ್ತೋತ್ರ" ಎಂದರು. ಕರೆದದ್ದು ಹೌದು. ಡಬ್ಬಿ ಮುಚ್ಚಳದ ವಿಷಯವಾಗಿ ಎಂಬುದನ್ನು ಮಾತ್ರ ಬಿಟ್ಟಳು.

ವಾಪಸು ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಅಮ್ಮನ ಮಡಿಲಲ್ಲಿ ಕೂಟದವರು ಕೊಟ್ಟ ಹೂವಿನ ಗುಚ್ಛ. ಸಿಸ್ಟರಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು.

"ಈ ವಾರ ಸುಳ್ಳು ಹೇಳಿದ್ಯಾ?"

ಅಮ್ಮ ಗುಚ್ಛದ ಹೂವನ್ನು ಸರಿಮಾಡತೊಡಗಿದಳು.

"ಯಾರಿಗಾದ್ರೂ ನೋವು ಮಾಡಿದ್ಯಾ?"

"ಯಾರಿಗೆ ಮಾಡಿದೀನಿ? ಎಲ್ಲ ಹೇಳ್ಕೊಂಡಾಯ್ತಲ್ಲ ಸಿಸ್ಟರಮ್ಮಾ."

ಸಿಸ್ಟರಮ್ಮ ಈಗ ಇತ್ತ ತಿರುಗಿದರು. "ಆ ಕ್ರಿಸ್‌ಮಸ್ ಊಟಕ್ಕೆ ಅಧ್ಯಕ್ಷೆ ಮನೇಲಿ ನಾನೂ ಇದ್ದೆ. ಆ ಕೇಕ್ ತಿಂದಿದೀನಿ. ಸೊಸೆ ಅಡುಗೆಮನೆ ಬಾಗಿಲ ಹಿಂದೆ ನಿಂತು ಅಳ್ತಿದ್ಲು. ನೀನು ಹೇಳಿಕೊಟ್ಟ ಕೇಕು ಅಂತ ಅಧ್ಯಕ್ಷೆನೇ ಅಂದ್ಲು. ನಿನ್ನ ಬೇಕರಿ ವಿಷ್ಯ ಗೊತ್ತಾದ್ಮೇಲೆ ನನಗೆ ಲೆಕ್ಕ ಸಿಕ್ತು. ನೀನೇ ಹೇಳ್ತೀಯಾ ಅಂತ ಇಷ್ಟು ದಿನ ಕಾದೆ. ಚರ್ಚಲ್ಲಿ ಹೇಳ್ದೆ, ಕುಮಾರ ಪಾರ್ಕಲ್ಲಿ ಹೇಳ್ದೆ, ಮಲ್ಲೇಶ್ವರಕ್ಕೂ ಬಂದು ಹೇಳ್ದೆ. ಆ ಹುಡುಗಿ ಮನೆ ನಿಮ್ಮನೆಯಿಂದ ನಡ್ಕೊಂಡು ಹೋಗೋ ದೂರ. ಅಲ್ಲಿಗೆ ಹೋದ್ಯಾ?"

ಬಸ್ಸು ಮೆಜೆಸ್ಟಿಕ್ ತಲುಪಿತು. ಇಳಿಯುವಾಗ ಅಮ್ಮ ಹೂವನ್ನು ಸೀಟಿನ ಮೇಲೇ ಬಿಟ್ಟಿದ್ದಳು. ನೆನಪಿಲ್ಲದೆಯೋ, ಬೇಕೆಂದೇ ಬಿಟ್ಟಳೋ, ನಾನು ಕೇಳಲಿಲ್ಲ.

ಮಾರನೆಯ ವಾರ ಅಮ್ಮನೂ ನಾನೂ ಅಧ್ಯಕ್ಷೆಯ ಮನೆಗೆ ಹೋದೆವು. ಸಿಸ್ಟರಮ್ಮನನ್ನೂ ಕರೆದಿದ್ದಳು. "ಪಾಪ ನಿಂದು, ನಾನ್ಯಾಕೆ ಬರ್ಲಿ?" ಎಂದಿದ್ದರು. ಅಧ್ಯಕ್ಷೆ ಮುಂದಿನ ಕೋಣೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು, ಸೊಸೆ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದವಳು ಕೂರಲಿಲ್ಲ.

"ಅಕ್ಕಾ, ಕೇಕಿನ ವಿಷ್ಯ ಮಾತಾಡಕ್ಕೆ ಬಂದೆ."

"ಅಯ್ಯೋ ಬಿಡೇ, ಅದೆಲ್ಲ ಮುಗೀತಲ್ಲ. ಎಲ್ಲರೂ ನಕ್ಕು ಆಯ್ತು" ಎಂದು ಅಧ್ಯಕ್ಷೆ ನಕ್ಕರು.

"ಇದು ಬೇರೆ. ನಿಮ್ಮ ಸೊಸೆ ಬಂದು ಕೇಳ್ದಾಗ ನಾನು ಬಾಯಿಗೆ ಬಂದಿದ್ದು ಹೇಳಿ ಕಳಿಸ್ದೆ. ಆ ಕೇಕು ಕೆಟ್ಟಿದ್ದು ಇವಳ ಕೈಯಿಂದ ಅಲ್ಲ, ನನ್ನ ಬಾಯಿಂದ. ನೆಂಟರ ಮುಂದೆ ಇವಳಿಗೆ ಅಂದಿದ್ದೆಲ್ಲ ನನಗೆ ಅನ್ನಬೇಕಿತ್ತು." ಆಮೇಲೆ ಆ ಹುಡುಗಿಯ ಕಡೆ ತಿರುಗಿದಳು. ಮಲ್ಲೇಶ್ವರದಲ್ಲಿ ಅಷ್ಟು ನಿರರ್ಗಳವಾಗಿ ಮಾತಾಡಿದವಳಿಗೆ ಇಲ್ಲಿ ನಾಲಿಗೆ ಹೊರಳಲಿಲ್ಲ. "ತಪ್ಪಾಯ್ತಮ್ಮಾ" ಎಂದಷ್ಟೇ ಅಂದಳು.

ಅಧ್ಯಕ್ಷೆಯ ಕೈಯಲ್ಲಿ ಅವರೆಕಾಯಿ ನಿಂತಿತು. ಸೊಸೆ ಮೊರವನ್ನು ಕೆಳಗಿಟ್ಟಳು.

"ಆಂಟಿ, ಆವತ್ತು ಚರ್ಚಲ್ಲಿ ನೀವು ಹೇಳ್ದಾಗ ಎಲ್ಲರ ಜೊತೆ ನಾನೂ ನಕ್ಕೆ. ಇವಾಗ್ಲಾದ್ರೂ ನನ್ನ ವಿಷ್ಯ ಹೇಳ್ತೀರಾ ಅಂತ ನೋಡ್ತಾ ಇದ್ದೆ. ಕೂತ್ಬಿಟ್ರಿ. ಮನೆಗೆ ಬಂದ್ಮೇಲೆ ಅತ್ತೆ ಏನಂದ್ರು ಗೊತ್ತಾ? 'ಎಷ್ಟು ಧೈರ್ಯ ನೋಡು ಅವಳಿಗೆ, ಕಲಿ' ಅಂದ್ರು."

ಅಧ್ಯಕ್ಷೆ ಸುಲಿದ ಕಾಳನ್ನು ಸಿಪ್ಪೆಯ ಗುಡ್ಡೆಗೆ ಹಾಕಿದರು. ನನಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

"ಕ್ಷಮಿಸ್ತೀಯಾ?" ಎಂದು ಕೇಳಿದಳು ಅಮ್ಮ.

"ಇವತ್ತು ಹೂಂ ಅಂದ್ರೆ ಅದು ಸುಳ್ಳಾಗುತ್ತೆ ಆಂಟಿ. ಇನ್ನೊಂದು ದಿನ ಬನ್ನಿ. ಕಾಫಿ ಕುಡೀತೀರಾ?"

ಕುಡಿದೆವು. ಅಷ್ಟು ಕಷ್ಟದ ಕಾಫಿಯನ್ನು ನಾನು ಮತ್ತೆಲ್ಲೂ ಕುಡಿದಿಲ್ಲ. ಸೊಸೆಯೇ ಗೇಟಿನವರೆಗೆ ಬಂದು ಕಳಿಸಿದಳು. ದಾರಿಯಲ್ಲಿ ಅಮ್ಮ, "ಅವಳು ಇಲ್ಲ ಅಂದಿಲ್ಲ ಅಲ್ವಾ?" ಎಂದು ಕೇಳಿದಳು. ಹೂಂ ಎಂದೂ ಅಂದಿಲ್ಲ ಎಂದೆ. ಮೊದಲಾಗಿದ್ದರೆ ಬೈಯುತ್ತಿದ್ದಳು. ಅಂದು ತಲೆಯಾಡಿಸಿದಳು.

ಆಮೇಲೆ ಪಾಸ್ಟರ್ ಇನ್ನೊಂದು ಸಭೆಯಿಂದ ಕರೆ ಬಂದಿದೆ, ಸಾಕ್ಷಿ ಹೇಳಬೇಕಂತೆ ಎಂದು ಸಂತೋಷವಾಗಿ ಮನೆಗೇ ಬಂದರು. ಅಮ್ಮ ಅವರನ್ನು ಕೂರಿಸಿ ಅವಲಕ್ಕಿ ಕೊಟ್ಟು, "ಬೇಡ ಅಯ್ಯನವ್ರೇ. ಹೇಳ್ತಾ ಹೇಳ್ತಾ ಆ ಕಥೇಗೂ ನಾನು ಮೊಟ್ಟೆ ಸೇರ್ಸಕ್ಕೆ ಶುರು ಮಾಡಿದೀನಿ" ಎಂದಳು. ಪಾಸ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪಾಪ, ಅವಲಕ್ಕಿಯನ್ನು ಬಹಳ ನಿಧಾನವಾಗಿ ತಿಂದರು. ಅವರೂ ಇಡೀ ಬೆಂಗಳೂರಿಗೆ ಆ ಕಥೆ ಹೇಳಿಕೊಂಡು ಬಂದಿದ್ದರಲ್ಲ.

ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಅಮ್ಮ ಅಧ್ಯಕ್ಷೆಯ ಮನೆಗೆ ಮತ್ತೆ ಹೋದಳು, ಈ ಸಲ ಒಬ್ಬಳೇ. ಏನಾಯಿತು ಎಂದು ಕೇಳಿದ್ದಕ್ಕೆ "ಇನ್ನೂ ಇಲ್ಲ" ಎಂದಳು. ಈಸ್ಟರ್ ಕಳೆದು ಒಂದು ಭಾನುವಾರ, ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಆ ಹುಡುಗಿಯೇ ಬಂದು ಅಮ್ಮನ ತೋಳು ಹಿಡಿದು, "ಆಂಟಿ, ಈಗ ಹೂಂ ಅನ್ಬಹುದು" ಎಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ಅಮ್ಮ ಮನೆಗೆ ಬರುವ ದಾರಿಯುದ್ದಕ್ಕೂ ಮೂಗು ಒರೆಸಿಕೊಳ್ಳುತ್ತಿದ್ದಳು. ಅಪ್ಪ ಅವಳಿಗೆ ನೆಗಡಿ ಎಂದುಕೊಂಡು ಮಿಲ್ಟ್ರಿ ಹೋಟೆಲಿನಲ್ಲಿ ಕಾಲು ಸೂಪು ಹೇಳಿದರು.

ಪಾಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಜೋಡಿ ಯೋಜನೆ ಅವರ ಜೊತೆಗೇ ಹೋಯಿತು. ಅಪ್ಪ ಮತ್ತು ಅವರ ಗೆಳೆಯರು ಕ್ರಿಕೆಟ್ಟನ್ನು ಉಳಿಸಿಕೊಂಡು ಪ್ರಶ್ನೆಯನ್ನು ಕೈಬಿಟ್ಟರು. ಅಮ್ಮ ಮತ್ತು ಸಿಸ್ಟರಮ್ಮ ಮಾತ್ರ ಗುರುವಾರ ತಪ್ಪಿಸಲಿಲ್ಲ. ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಕ್ಕೆ ಸಿಸ್ಟರಮ್ಮ ತೀರಿಕೊಂಡರು. ಅದಾದ ಮೊದಲ ಗುರುವಾರ ಅಮ್ಮ ಏನೂ ತೋಚದೆ ಕೂತಿದ್ದಾಗ ಅಧ್ಯಕ್ಷೆಯ ಸೊಸೆ ಬಂದು ಬಾಗಿಲು ತಟ್ಟಿದಳು. "ನಾನು ಕೇಳ್ಲಾ ಆಂಟಿ?" ಎಂದಳಂತೆ.

ಅಷ್ಟು ಹೊತ್ತಿಗೆ ನನಗೆ ಮದುವೆಯಾಗಿತ್ತು. ಒಂದು ಸಲ ತವರಿಗೆ ಬಂದಾಗ ಗುರುವಾರವಾಗಿತ್ತು. ಇಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದರು. ಮೊದಲು ನಗು ಕೇಳಿಸಿತು, ಆಮೇಲೆ ಸೊಸೆ ಪ್ರಶ್ನೆ ಕೇಳುವ ದನಿ. ಅಮ್ಮ ಮುಖ ಕೆಂಪು ಮಾಡಿಕೊಂಡು ಹೊರಗೆ ಬಂದಳು. ಆ ವಾರ ನೀರಿನ ಸರದಿಯ ವಿಷಯಕ್ಕೆ ಮಹಡಿಯ ಮನೆಯವರ ಜೊತೆ ಜೋರು ಜಗಳವಾಗಿತ್ತು, ತಪ್ಪೆಲ್ಲ ಅವರದೇ ಎಂದು ಅಮ್ಮ ಬೆಳಗಿನಿಂದ ನನಗೆ ಹೇಳಿದ್ದಳು.

"ಎಲ್ಲಿಗೆ?" ಎಂದೆ.

"ಸುಮ್ನಿರೇ" ಎಂದು ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು. ಸೊಸೆ ಕೋಣೆಯಿಂದ ಹೊರಗೆ ಬಂದು, ನಾನು ಮುರಿದಿಟ್ಟಿದ್ದ ಚಕ್ಕುಲಿಯ ಅರ್ಧ ತೆಗೆದುಕೊಂಡು, ನನ್ನ ಪಕ್ಕದಲ್ಲೇ ಕೂತು ಮೇಲಿನ ಬಾಗಿಲು ತಟ್ಟುವ ಸದ್ದಿಗೆ ಕಿವಿಗೊಟ್ಟಳು.